ವರವೋ, ಬೆವರೋ?

ಚಳಿಗಾಲದ ಭಾನುವಾರ, ಬೆಳಕು ಹರಿಯುವ ಮುನ್ನವೇ ಕಿವಿಗೆ ಮಫ್ಲರ್ ಸುತ್ತಿಕೊಂಡು ಸಾರಸಬಾಗಿನ ಕಡೆಯ ರಸ್ತೆಬದಿಯಲ್ಲಿ ನಿಲ್ಲುವುದು ನಮ್ಮಲ್ಲಿ ಕೆಲವರಿಗೆ ಹಳೆಯ ಅಭ್ಯಾಸ. 1983ರಲ್ಲಿ ಆರಂಭವಾದ ಪುಣೆ ಅಂತಾರಾಷ್ಟ್ರೀಯ ಮ್ಯಾರಥಾನ್ ಓಟವನ್ನು ನೋಡುತ್ತಲೇ ನಮ್ಮ ಎಷ್ಟೋ ಮನೆಗಳ ಮಕ್ಕಳು ಬೆಳೆದಿದ್ದಾರೆ. ಮೊದಲು ಪೊಲೀಸ್ ಗಾಡಿ, ಹಿಂದೆಯೇ ಇಥಿಯೋಪಿಯ, ಕೀನ್ಯಗಳ ನಾಲ್ಕಾರು ಸಪೂರ ಓಟಗಾರರು. ಕಾಲು ನೆಲಕ್ಕೆ ಸೋಕಿತೋ ಇಲ್ಲವೋ ಎನ್ನುವಷ್ಟರಲ್ಲಿ ಅವರು ಮುಂದಿನ ತಿರುವಿನಲ್ಲಿರುತ್ತಾರೆ. ನಾವು ಚಪ್ಪಾಳೆ ತಟ್ಟುತ್ತೇವೆ. ಆಮೇಲೆ ಚಹಾದಂಗಡಿಯ ಮುಂದೆ ನಿಂತು ತಪ್ಪದೆ ಒಂದು ಮಾತು ಆಡುತ್ತೇವೆ: "ಅವರದು ಬಿಡಿ, ಹುಟ್ಟಿನಿಂದ ಬಂದದ್ದು. ದೇವರು ಕೊಟ್ಟ ವರ."

ಈ ಮಾತು ಹೊಗಳಿಕೆಯಂತೆ ಕೇಳಿಸುತ್ತದೆ. ಅದು ನಿಜವಾಗಿಯೂ ಹೊಗಳಿಕೆಯೇ ಎಂಬುದು ನಮ್ಮ ಇಂದಿನ ಪ್ರಶ್ನೆ.

ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಕೀನ್ಯದ ಓಟಗಾರರ ಊರಾದ ಇಟೆನ್ ಸಮುದ್ರಮಟ್ಟದಿಂದ ಸುಮಾರು 2400 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳು. ಅಂಥಲ್ಲಿ ಬೆಳೆದ ದೇಹ ಹೆಚ್ಚು ಕೆಂಪು ರಕ್ತಕಣಗಳನ್ನು ಮಾಡಿಕೊಳ್ಳುತ್ತದೆ. ಸ್ನಾಯುಗಳಿಗೆ ಆಮ್ಲಜನಕ ಹೆಚ್ಚು ಒದಗುತ್ತದೆ. ವಿಜ್ಞಾನ ಓದಿದವರು ಇದನ್ನು ಅಲ್ಲಗಳೆಯಲಾರರು. ಆದರೆ ಎತ್ತರವೊಂದೇ ಸಾಕಾಗುವುದಾದರೆ ಸುಮಾರು 3500 ಮೀಟರ್ ಎತ್ತರದ ನಮ್ಮ ಲೇಹ್ ಪಟ್ಟಣ ಈ ಹೊತ್ತಿಗೆ ಜಗತ್ತಿನ ಪದಕಗಳನ್ನೆಲ್ಲ ಬಾಚಿಕೊಳ್ಳಬೇಕಾಗಿತ್ತು.

ಇನ್ನೊಂದು ಲೆಕ್ಕ ನೋಡೋಣ. 1978ರಲ್ಲಿ ಜಲಂಧರದಲ್ಲಿ ಬಿಹಾರದ ಶಿವನಾಥ ಸಿಂಗ್ 2 ಗಂಟೆ 12 ನಿಮಿಷಗಳಲ್ಲಿ ಮ್ಯಾರಥಾನ್ ಮುಗಿಸಿದರು. ಆಗ ಜಗತ್ತಿನ ಅತ್ಯುತ್ತಮ ಕಾಲವೆಂದರೆ ಆಸ್ಟ್ರೇಲಿಯದ ಡೆರೆಕ್ ಕ್ಲೇಟನ್ 1969ರಲ್ಲಿ ಓಡಿದ 2:08:34. ಅಂತರ ಮೂರೂವರೆ ನಿಮಿಷಕ್ಕೂ ಕಡಿಮೆ. ಶಿವನಾಥರ ಕಾಲ ನಾಲ್ಕು ದಶಕಗಳಿಗೂ ಮೀರಿ ನಮ್ಮ ರಾಷ್ಟ್ರೀಯ ದಾಖಲೆಯಾಗಿ ಉಳಿಯಿತು. ಅಷ್ಟರಲ್ಲಿ, 2023ರ ಅಕ್ಟೋಬರಿನಲ್ಲಿ, ಕೀನ್ಯದ ಕೆಲ್ವಿನ್ ಕಿಪ್ಟಮ್ ಶಿಕಾಗೋದಲ್ಲಿ 2:00:35ಕ್ಕೆ ಗುರಿ ಮುಟ್ಟಿದರು. ಅಂತರ ಹನ್ನೊಂದು ನಿಮಿಷ ದಾಟಿತು. ಹೊಸ ಬಗೆಯ ಬೂಟುಗಳ ಪಾಲೂ ಇದರಲ್ಲಿದೆ ಎನ್ನೋಣ. ಆದರೆ ಆ 45 ವರ್ಷಗಳಲ್ಲಿ ಕೀನ್ಯದ ಬೆಟ್ಟಗಳು ಒಂದು ಗೇಣೂ ಬೆಳೆದಿಲ್ಲ. ಬೆಳೆದದ್ದು ಅಲ್ಲಿಯ ಜನರ ಅಭ್ಯಾಸ.

ಕಿಪ್ಟಮ್ ವಾರಕ್ಕೆ 250 ಕಿಲೋಮೀಟರಿಗೂ ಹೆಚ್ಚು ಓಡುತ್ತಿದ್ದರೆಂದು ಅವರ ತರಬೇತುದಾರರೇ ಹೇಳಿದ್ದರು. ಪುಣೆಯಿಂದ ಸೊಲ್ಲಾಪುರಕ್ಕೆ ಇರುವಷ್ಟು ದೂರ, ಪ್ರತಿ ವಾರ! 2024ರ ಫೆಬ್ರವರಿಯಲ್ಲಿ ರಸ್ತೆ ಅಪಘಾತದಲ್ಲಿ ಗುರುಶಿಷ್ಯರಿಬ್ಬರೂ ತೀರಿಕೊಂಡಾಗ ಕಿಪ್ಟಮ್‌ಗೆ ಇಪ್ಪತ್ನಾಲ್ಕೇ ವರ್ಷ. ಅಂಥ ಬದುಕನ್ನು 'ವರ' ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರೆ ಆ ಕಿಲೋಮೀಟರುಗಳನ್ನೆಲ್ಲ ಯಾರ ಲೆಕ್ಕಕ್ಕೆ ಬರೆಯೋಣ? ಒಬ್ಬನ ದುಡಿಮೆಯನ್ನು ದೇವರ ಹೆಸರಿಗೆ ಜಮಾ ಮಾಡುವುದು ನೋಡಲು ಭಕ್ತಿ. ಆದರೆ ದುಡಿದವನ ಪಾಲಿಗೆ ಅದು ಅನ್ಯಾಯ.

ಈ ಮಾತಿಗೆ ಇನ್ನೊಂದು ಅಲಗೂ ಇದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾವು ಅವಳಿಗಿಂತ ಜಾಣರು; ನಮ್ಮ ನೆಲವನ್ನು ದೂರುವ ಬದಲು ಅವರ ನೆಲ ಎತ್ತರ ಎನ್ನುತ್ತೇವೆ. ಅಲ್ಲಿಗೆ ನಮ್ಮ ಹೊಣೆ ಮುಗಿಯಿತು.

ಆದರೆ ಇದೇ ಪುಣೆ ನಮಗೆ ಬೇರೊಂದು ಪಾಠ ಹೇಳಿದೆ. 1919ರಲ್ಲಿ ಇಲ್ಲಿಯ ಡೆಕ್ಕನ್ ಜಿಮ್‌ಖಾನಾದ ಕ್ರೀಡಾಕೂಟದಲ್ಲಿ ರೈತರ ಮಕ್ಕಳು ಬರಿಗಾಲಲ್ಲಿ ಓಡುವುದನ್ನು ಅದರ ಅಧ್ಯಕ್ಷ ದೊರಾಬ್ಜಿ ಟಾಟಾ ಕಂಡರು. ಕಂಡು, ಮೆಚ್ಚಿ, ಮನೆಗೆ ಹೋಗಲಿಲ್ಲ. ಇವರನ್ನು ಒಲಿಂಪಿಕ್ಸಿಗೆ ಕಳಿಸಬೇಕೆಂದು ಓಡಾಡಿದರು. ಮರುವರ್ಷ ಆಂಟ್‌ವರ್ಪಿಗೆ ಹೋದ ಪುಟ್ಟ ತಂಡದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಅಂದಿನ ಮ್ಯಾರಥಾನ್ ಹಾದಿ ಈಗಿನದಕ್ಕಿಂತಲೂ ಉದ್ದ, 42.75 ಕಿಲೋಮೀಟರ್. ಚೌಗುಲೆಯವರು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಓಡಿ 19ನೆಯವರಾದರು. ಬೆಳಗಾವಿ ಇಟೆನ್ ಅಲ್ಲ. ಅವರಿಗೆ ಸಿಕ್ಕಿದ್ದು ನೋಡುವ ಒಂದು ಜೊತೆ ಕಣ್ಣು, ಅಷ್ಟೆ.

ಇತ್ತೀಚಿನ ಮಾತನ್ನೂ ಹೇಳಬೇಕು. ಮೈಸೂರು ಸೀಮೆಗೆ ಅಂಟಿಕೊಂಡಿರುವ ವಯನಾಡಿನ ಟಿ. ಗೋಪಿ ಪುಣೆಯ ಸೇನಾ ಕ್ರೀಡಾ ಸಂಸ್ಥೆಯಲ್ಲಿ ಪಳಗಿದವರು. 2016ರ ಮುಂಬಯಿ ಮ್ಯಾರಥಾನಿನಲ್ಲಿ ಅವರಿಗೆ ವಹಿಸಿದ್ದು ಸಹ ಓಟಗಾರನಿಗೆ ವೇಗ ಹಿಡಿದುಕೊಡುವ ಕೆಲಸ. ಅರ್ಧದಲ್ಲಿ ಬಿಟ್ಟಿದ್ದರೂ ಯಾರೂ ಕೇಳುತ್ತಿರಲಿಲ್ಲ. ಗೋಪಿ ನಿಲ್ಲಲಿಲ್ಲ. ಭಾರತೀಯರಲ್ಲಿ ಎರಡನೆಯವರಾಗಿ ಮುಗಿಸಿ ಒಲಿಂಪಿಕ್ಸಿಗೆ ಅರ್ಹರಾದರು. ರಿಯೋದಲ್ಲಿ 25ನೆಯ ಸ್ಥಾನ. ಮರುವರ್ಷ ಏಷ್ಯನ್ ಮ್ಯಾರಥಾನ್ ಚಾಂಪಿಯನ್. ಅವರಲ್ಲಿ 'ವರ' ಇದೆಯೆಂದು ಅಂದು ಬೆಳಿಗ್ಗೆ ಯಾರಿಗೆ ಗೊತ್ತಿತ್ತು?

ಇಷ್ಟೆಲ್ಲ ಬರೆಯುವ ನಾವೇನೂ ನಿರ್ದೋಷಿಗಳಲ್ಲ. ನಮ್ಮ ಮನೆಯ ಹುಡುಗ ಶಾಲೆಯಲ್ಲಿ ಮೂರು ಸಾವಿರ ಮೀಟರ್ ಓಟದಲ್ಲಿ ನಾಲ್ಕನೆಯವನಾಗಿ ಬಂದು, ಬೆಳಿಗ್ಗೆ ಅಭ್ಯಾಸಕ್ಕೆ ಹೋಗುತ್ತೇನೆಂದು ಕೇಳಿದ. "ಅದು ನಮ್ಮಂಥವರಿಗಲ್ಲಪ್ಪ, ಅದಕ್ಕೆ ಹುಟ್ಟಿನಿಂದಲೇ ಬರಬೇಕು. ಪುಸ್ತಕ ತೆಗೆ" ಎಂದೆವು. ಅವನು ವಾದಿಸಲಿಲ್ಲ. ಬೂಟು ಅಟ್ಟಕ್ಕೆ ಹೋಯಿತು. ಅವನು ಚಾಂಪಿಯನ್ ಆಗುತ್ತಿದ್ದನೆಂದು ನಾವು ಹೇಳುತ್ತಿಲ್ಲ, ಬಹುಶಃ ಆಗುತ್ತಿರಲಿಲ್ಲ. ಆದರೆ ತನ್ನಲ್ಲಿ ಎಷ್ಟಿದೆ ಎಂದು ತಾನೇ ಓಡಿ ತಿಳಿದುಕೊಳ್ಳುವ ಹಕ್ಕು ಅವನದಾಗಿತ್ತು. ಓಟಕ್ಕೆ ಮೊದಲೇ ಫಲಿತಾಂಶ ಹೇಳಿದವರು ನಾವು.

ಹುಟ್ಟಿನಿಂದ ಬರುವುದು ಸುಳ್ಳಲ್ಲ. ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ. ಅದರಲ್ಲಿ ಯಾರ ಹಿರಿಮೆಯೂ ಇಲ್ಲ, ಯಾರ ತಪ್ಪೂ ಇಲ್ಲ. ಆದ್ದರಿಂದಲೇ ಅದು ಮಾನ ಅವಮಾನಗಳ ಅಳತೆಗೋಲಾಗಲಾರದು. ಬಂದದ್ದರಿಂದ ಏನು ಮಾಡಿದೆವು, ಇನ್ನೊಬ್ಬರು ಮಾಡಹೊರಟಾಗ ದಾರಿ ಬಿಟ್ಟೆವೋ ಅಡ್ಡ ನಿಂತೆವೋ, ಅಳೆಯಬೇಕಾದದ್ದು ಇಷ್ಟನ್ನೇ.

ಮುಂದಿನ ಮ್ಯಾರಥಾನಿಗೆ ಹುಡುಗನನ್ನೂ ಕರೆದೊಯ್ಯಬೇಕೆಂದಿದ್ದೇವೆ. ಅವನಿಗೆ ಓಡುವ ವಯಸ್ಸು ಇನ್ನೂ ಮೀರಿಲ್ಲ. ಆಡಿದ ಮಾತನ್ನು ತಿದ್ದಿಕೊಳ್ಳುವ ವಯಸ್ಸು ನಮಗೂ ಮೀರಿಲ್ಲ.