ಎಣ್ಣೆಯ ತ್ಯಾಗವೂ ದೂರದ ಅರಣ್ಯವೂ

ರಸಪರಿತ್ಯಾಗವನ್ನು ಆಚರಿಸುವ ಶ್ರಾವಕರು ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಎಂಬ ಆರು ರಸಗಳಲ್ಲಿ ಒಂದನ್ನೋ ಹಲವನ್ನೋ ತ್ಯಜಿಸುವರು. ಇಂದ್ರಿಯಜಯವೇ ಇದರ ಗುರಿ. ಇಂದು ಎಣ್ಣೆಯ ವಿಷಯದಲ್ಲಿ ಇನ್ನೊಂದು ಜಿಜ್ಞಾಸೆಯೂ ಹುಟ್ಟಿದೆ: ಕಣ್ಣಿಗೆ ಕಾಣದಷ್ಟು ದೂರದಲ್ಲಿ ನಡೆಯುವ ಹಿಂಸೆಗೆ, ಅದರ ಫಲವನ್ನು ಕೊಂಡು ಉಣ್ಣುವವನು ಎಷ್ಟರಮಟ್ಟಿಗೆ ಹೊಣೆ?

ಜಗತ್ತಿನಲ್ಲಿ ತಾಳೆ ಎಣ್ಣೆಯನ್ನು ಅತ್ಯಧಿಕವಾಗಿ ಆಮದು ಮಾಡಿಕೊಳ್ಳುವ ದೇಶ ಭಾರತ. ಅಂಗಡಿಯ ಕರಿದ ತಿಂಡಿ, ಬಿಸ್ಕತ್ತು, ಸಾಬೂನುಗಳಲ್ಲಿ ಅದು ಅಡಗಿರುತ್ತದೆ. ಅದರ ಬಹುಭಾಗ ಬರುವುದು ಇಂಡೊನೇಷ್ಯ, ಮಲೇಷ್ಯಗಳಿಂದ. 1848ರಲ್ಲಿ ಜಾವಾದ ಬೋಗೋರ್ ಸಸ್ಯೋದ್ಯಾನದಲ್ಲಿ ಆಫ್ರಿಕ ಮೂಲದ ನಾಲ್ಕು ಗಿಡಗಳನ್ನು ನೆಟ್ಟಿದ್ದರು. ಇಂದು ಸುಮಾತ್ರ, ಬೋರ್ನಿಯೊಗಳಲ್ಲಿ ಅರಣ್ಯವಿದ್ದ ಲಕ್ಷಾಂತರ ಹೆಕ್ಟೇರುಗಳಲ್ಲಿ ಅದರ ತೋಟಗಳಿವೆ.

ಅಲ್ಲಿನ ಜೌಗು ಅರಣ್ಯಗಳ ಕೆಳಗೆ ಸಹಸ್ರಾರು ವರ್ಷಗಳ ಸಸ್ಯಾವಶೇಷವು ಪೂರ್ಣವಾಗಿ ಕೊಳೆಯದೆ ಹಲವು ಮೀಟರ್ ಆಳಕ್ಕೆ ನಿಂತಿದೆ. ಇದನ್ನು ಪೀಟ್ ಎನ್ನುವರು. ತೋಟಕ್ಕಾಗಿ ಕಾಲುವೆ ತೋಡಿ ನೀರನ್ನು ಹೊರಹರಿಸಿದೊಡನೆ ಅದಕ್ಕೆ ಗಾಳಿ ತಗಲುತ್ತದೆ. ಬೆಂಕಿಯಿಲ್ಲದಿದ್ದರೂ ಅದು ವರ್ಷವರ್ಷವೂ ಕ್ಷಯಿಸಿ, ಇಂಗಾಲದ ಡೈಆಕ್ಸೈಡಾಗಿ ವಾಯುಮಂಡಲವನ್ನು ಸೇರುತ್ತದೆ. ಒಣಗಿದ ನೆಲಕ್ಕೆ ಬೆಂಕಿ ಬಿದ್ದರಂತೂ ಆರಿಸುವುದು ದುಸ್ಸಾಧ್ಯ. 1997ರಲ್ಲಿಯೂ 2015ರಲ್ಲಿಯೂ ಇಂತಹ ನೆಲಗಳಿಂದೆದ್ದ ಹೊಗೆ ಸಿಂಗಪುರದವರೆಗೆ ಕವಿಯಿತು. ಮಳೆ ಬಂದಾಗ ಹೊಗೆ ಅಡಗಿತು; ಇಂಗಾಲವಾದರೋ ಸಕಲ ದೇಶಗಳ ಮೇಲಿನ ವಾಯುವಿನಲ್ಲಿ ಬೆರೆತು ತಾಪವನ್ನು ಹೆಚ್ಚಿಸುತ್ತಿದೆ.

‘ಮರ ಕಡಿದವರು ನಾವಲ್ಲ’ ಎಂಬ ಸಮಾಧಾನ ಸುಲಭ. ಆದರೆ ಕೃತದೊಡನೆ ಕಾರಿತ, ಅನುಮೋದನಗಳನ್ನೂ ಎಣಿಸುವ ಧರ್ಮದಲ್ಲಿ ಅದು ಪೂರ್ಣ ಉತ್ತರವಾಗಲಾರದು. ಹಾಗೆಂದು ಕಡಿದವನಿಗೂ ಕೊಂಡವನಿಗೂ ಸಮಾನ ದೋಷವೆನ್ನುವುದು ನ್ಯಾಯವಲ್ಲ. ಅರಿಯದೆ ಕೊಂಡವನಿಗೂ ಅರಿತು ಕೊಂಡವನಿಗೂ ಭೇದವುಂಟು. ಅರಿವು ಬೆಳೆದಂತೆ ಹೊಣೆಯೂ ಬೆಳೆಯುತ್ತದೆ.

ತಾಳೆಯನ್ನು ಬಿಟ್ಟು ಬೇರೆ ಎಣ್ಣೆಯನ್ನು ಅಷ್ಟೇ ಬಳಸಿದರೆ ಸಾಕೇ? ಸಾಲದು. ಒಂದು ಹೆಕ್ಟೇರಿನ ತಾಳೆ ಕೊಡುವಷ್ಟು ಎಣ್ಣೆಯನ್ನು ಸೋಯಾಬೀನಿನಿಂದ ಪಡೆಯಲು ಹಲವು ಪಟ್ಟು ನೆಲ ಬೇಕು. ಬ್ರೆಜಿಲಿನಲ್ಲಿ ಅದಕ್ಕಾಗಿಯೂ ಅರಣ್ಯ ಅಳಿದಿದೆ. ಆದುದರಿಂದ ಯಾವ ಎಣ್ಣೆ ಎಂಬುದಕ್ಕಿಂತ ಎಷ್ಟು ಎಣ್ಣೆ ಎಂಬುದು ಮುಖ್ಯ. ಭೋಗೋಪಭೋಗ ಪರಿಮಾಣವ್ರತ ಕೇಳುವುದೂ ಅದನ್ನೇ. ಚತುರ್ದಶಿಯಂದು ಎಣ್ಣೆಯನ್ನು ಬಿಟ್ಟು ಮರುದಿನ ಕರಿದ ಭಕ್ಷ್ಯಗಳಿಂದ ಆ ಕೊರತೆಯನ್ನು ತುಂಬಿಕೊಂಡರೆ ಅರಣ್ಯದ ಲೆಕ್ಕದಲ್ಲಿ ಏನೂ ಉಳಿಯದು. ತಿಂಗಳಿಗೆ ಮನೆಗೆ ಬರುವ ಎಣ್ಣೆಗೆ ಮಿತಿಯೊಂದನ್ನು ಮನೆಮಂದಿ ಕೂಡಿ ನಿಶ್ಚಯಿಸುವುದು ಅಲ್ಪವೆಂದು ತೋರಬಹುದು. ಗೃಹಸ್ಥರ ವ್ರತಗಳಿಗೆ ಅಣುವ್ರತಗಳೆಂದೇ ಹೆಸರಲ್ಲವೇ?