ಋಣಿಯ ಮನೆಯ ಸೊತ್ತು ಯಾರದು?

ಮನುಷ್ಯನು ಹುಟ್ಟುವಾಗಲೇ ಋಣಿಯಾಗಿ ಹುಟ್ಟುತ್ತಾನೆ ಎಂಬುದು ಶಾಸ್ತ್ರದ ಮಾತು. ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರನ್ನು ಯಜ್ಞ, ಅಧ್ಯಯನ, ಸಂತಾನಗಳಿಂದ ತೀರಿಸಬೇಕೆಂದು ಪ್ರವಚನಗಳಲ್ಲಿ ಅನೇಕ ಸಲ ಕೇಳಿದ್ದೇವೆ. ಆದರೆ ನೆರೆಯವನಿಂದ, ಸೊಸೈಟಿಯಿಂದ, ಬ್ಯಾಂಕಿನಿಂದ ಪಡೆದ ಋಣದ ಕುರಿತು ದೇವಾಲಯದ ಜಗಲಿಯಲ್ಲಿ ಮಾತು ಬರುವುದು ವಿರಳ. ಅದು ಕೋರ್ಟು ಕಚೇರಿಯ ವಿಷಯವೆಂದು ಬದಿಗಿಡುತ್ತೇವೆ. ಮನುವಾದರೋ ರಾಜನು ವಿಚಾರಿಸತಕ್ಕ 18 ವ್ಯವಹಾರಪದಗಳನ್ನು ಎಣಿಸುವಾಗ ಋಣಾದಾನವನ್ನೇ ಎಲ್ಲಕ್ಕಿಂತ ಮೊದಲು ಇಟ್ಟಿದ್ದಾನೆ. ಸಾಲದ ವಿಚಾರವು ಧರ್ಮವಿಚಾರವೇ ಎಂಬುದಕ್ಕೆ ಇಷ್ಟು ಸಾಕು.

ಕೆಲವು ವರ್ಷಗಳ ಹಿಂದೆ ಆಟಿ ತಿಂಗಳ ಒಂದು ಸಂಜೆ ನಮ್ಮ ಮನೆಯಲ್ಲಿ ನಡೆದ ಸಂಗತಿ ಈ ಬರಹಕ್ಕೆ ಕಾರಣ. ಕುಂಬ್ರದ ಆಸುಪಾಸಿನ ಗೃಹಸ್ಥರೊಬ್ಬರು ನಮ್ಮ ತೀರ್ಥರೂಪರನ್ನು ಕಾಣಲು ಬಂದರು. ಅವರ ಹೆಸರು ಇಲ್ಲಿ ಬೇಡ. ಅವರದು ಅಡಿಕೆ ಖರೀದಿಯ ವ್ಯಾಪಾರ. ಬೆಳೆಗಾರರಿಂದ ಅಡಿಕೆ ಪಡೆದು, ಹಣಕ್ಕೆ ವಾಯಿದೆ ಹೇಳಿ, ಧಾರಣೆ ಏರಿದಾಗ ಮಾರುವುದು ಅವರ ಕ್ರಮ. ಅಡಿಕೆಯ ಧಾರಣೆಯನ್ನು ನಂಬಿ ಕೂರಬಾರದೆಂದು ನಮ್ಮ ಸೀಮೆಯವರಿಗೆ ಯಾರೂ ಹೇಳಬೇಕಾಗಿಲ್ಲ. 1970ರ ಸುಮಾರಿಗೆ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟುದರಿಂದಲೇ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಸಂಸ್ಥೆ ಹುಟ್ಟಿತು. ಈ ಗೃಹಸ್ಥರು ದಾಸ್ತಾನಿಟ್ಟ ವರ್ಷವೂ ಧಾರಣೆ ಇಳಿಯಿತು. ಹಳೆಯ ಸಾಲಕ್ಕೆ ಹೊಸ ಸಾಲ ಸೇರಿತು. ಬ್ಯಾಂಕು, ಸೊಸೈಟಿ, ಅಡಿಕೆ ಕೊಟ್ಟ ಹತ್ತಾರು ಬೆಳೆಗಾರರು, ಸುಲಿಯುವ ಕೆಲಸಕ್ಕೆ ಬರುತ್ತಿದ್ದ ಹೆಂಗಸರು, ಇವರೆಲ್ಲರಿಗೂ ಅವರು ಕೊಡಬೇಕಾಗಿತ್ತು. ನಮ್ಮ ತೀರ್ಥರೂಪರೂ ದಕ್ಷಿಣೆಯಿಂದ ಉಳಿಸಿದ್ದ 60,000 ರೂಪಾಯಿಗಳನ್ನು ಅವರಿಗೆ ಕೈಗಡವಾಗಿ ಕೊಟ್ಟಿದ್ದರು. ಮನೆಯ ಮಾಡಿನ ಪಕ್ಕಾಸು, ರೀಪುಗಳನ್ನು ಬದಲಿಸಲು ಇಟ್ಟಿದ್ದ ಹಣ ಅದು.

"ದಿವಾಳಿ ಅರ್ಜಿ ಹಾಕುವುದೊಂದೇ ದಾರಿ ಎಂದು ವಕೀಲರು ಹೇಳಿದ್ದಾರೆ, ಭಟ್ರೇ. ಇನ್ನೊಂದು ತಿಂಗಳುಂಟು. ಅಷ್ಟರಲ್ಲಿ ಮನೆಯ ಬೆಳ್ಳಿ, ಬೈಕು, ಕಪಾಟು, ನಮ್ಮವಳ ಬಳೆ ಎಲ್ಲವನ್ನೂ ನಗದು ಮಾಡಿಬಿಡುವ ಎಂದಿದ್ದೇನೆ. ಬೆಳ್ಳಿಯನ್ನು ಭಾವ ಅರ್ಧ ಬೆಲೆಗೆ ತೆಗೆದುಕೊಳ್ಳುತ್ತಾರೆ. ಗಲಾಟೆ ತಣಿದ ಮೇಲೆ ಹಿಂದೆ ಕೊಡುತ್ತಾರೆ. ಬಂದ ಹಣದಲ್ಲಿ ಮೊದಲು ನಿಮ್ಮದನ್ನು ತೀರಿಸುತ್ತೇನೆ. ವೈದಿಕರ ಋಣ ಇಟ್ಟುಕೊಳ್ಳಬಾರದು. ನಮ್ಮ ಮನೆಯ ವಸ್ತುವನ್ನು ನಾವೇ ಮಾರಿದರೆ ತಪ್ಪುಂಟೋ?" ಎಂದು ಅವರು ಕೇಳಿದರು.

ಆಗ ನನ್ನ ಮನಸ್ಸಿನಲ್ಲಿ ಮೂಡಿದ ಭಾವವನ್ನು ಮರೆಮಾಚಲಾರೆ. ಒಳಗಿನ ಚಾವಡಿಯಲ್ಲಿ ಮಳೆನೀರು ಹಿಡಿಯಲು ಇಟ್ಟ ಪಾತ್ರೆಯ ಸದ್ದು ಕೇಳುತ್ತಿತ್ತು. ಪಾಠಶಾಲೆಯಲ್ಲಿ ಕಲಿತದ್ದು ಒಡನೆಯೇ ನೆನಪಾಯಿತು. ಸಾಲಗಾರನಿಂದ ಹಣ ಕೊಡಿಸುವಾಗ ಸಾಲ ಪಡೆದ ಅನುಕ್ರಮದಲ್ಲಿ ಕೊಡಿಸಬೇಕು, ಆದರೆ ಮೊದಲು ಬ್ರಾಹ್ಮಣನಿಗೆ, ಅನಂತರ ರಾಜನಿಗೆ ಎಂದು ಯಾಜ್ಞವಲ್ಕ್ಯಸ್ಮೃತಿಯಲ್ಲಿದೆ. ಅದನ್ನು ನಾನೇ ಬಾಯಿಬಿಟ್ಟು ಹೇಳಿದೆ. ತೀರ್ಥರೂಪರು ನನ್ನ ಕಡೆಗೆ ನೋಡಲಿಲ್ಲ. ಬಂದವರನ್ನೇ ಕುರಿತು, "ರಾಯರೇ, ಮಾರುವುದು ಪಾಪವಲ್ಲ. ಮೂರು ಪ್ರಶ್ನೆಗೆ ಉತ್ತರ ಹೇಳಿ. ಯಾರಿಗೆ ಮಾರುತ್ತೀರಿ? ಎಷ್ಟಕ್ಕೆ ಮಾರುತ್ತೀರಿ? ಬಂದ ಹಣ ಎಲ್ಲಿಗೆ ಹೋಗುತ್ತದೆ?" ಎಂದರು.

ಅಂದಿನಿಂದ ಈ ಮೂರು ಪ್ರಶ್ನೆಗಳನ್ನು ನಾನು ಅನೇಕ ಸಲ ಮಥಿಸಿದ್ದೇನೆ. ಇಂದಿನ ಕಾನೂನು ಕೇಳುವುದೂ ಇವನ್ನೇ ಎಂಬುದು ಆಮೇಲೆ ತಿಳಿಯಿತು. ನಮ್ಮ ಜಿಲ್ಲೆಯಂತಹ ಪ್ರದೇಶಗಳ ಗೃಹಸ್ಥರಿಗಾಗಿ ಇರುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಅರ್ಜಿ ಹಾಕಿದವನು ತನ್ನ ಲೆಕ್ಕಪುಸ್ತಕಗಳನ್ನು ಒಪ್ಪಿಸಬೇಕು. ಸೊತ್ತುಗಳ ಪಟ್ಟಿಯನ್ನೂ ಸಾಲಿಗರ ಪಟ್ಟಿಯನ್ನೂ ಕೊಡಬೇಕು. ದಿವಾಳಿ ಅರ್ಜಿ ಸಲ್ಲಿಕೆಯಾಗುವ ಮೊದಲಿನ ಎರಡು ವರ್ಷಗಳೊಳಗೆ ಸದ್ಭಾವನೆಯಿಲ್ಲದೆ, ತಕ್ಕ ಪ್ರತಿಫಲವಿಲ್ಲದೆ ಸೊತ್ತನ್ನು ಪರಭಾರೆ ಮಾಡಿದ್ದರೆ ನ್ಯಾಯಾಲಯವು ಅದನ್ನು ರದ್ದುಪಡಿಸಬಹುದು. ಅರ್ಜಿಗೆ ಮುಂಚಿನ ಮೂರು ತಿಂಗಳೊಳಗೆ ಒಬ್ಬ ಸಾಲಿಗನಿಗೆ ಮಾತ್ರ ಅನುಕೂಲ ಮಾಡಿಕೊಡುವ ಉದ್ದೇಶದಿಂದ ಕೊಟ್ಟ ಹಣವೂ ಹಾಗೆಯೇ. ಸೊತ್ತನ್ನು ವಂಚನೆಯಿಂದ ಅಡಗಿಸಿದವನಿಗೆ ಒಂದು ವರ್ಷದವರೆಗೆ ಸೆರೆವಾಸವೂ ಉಂಟು. ದೊಡ್ಡ ಕಂಪೆನಿಗಳಿಗೆ ಅನ್ವಯಿಸುವ 2016ರ ದಿವಾಳಿ ಸಂಹಿತೆಯಲ್ಲಿಯೂ ಇದೇ ನ್ಯಾಯ. ಕೆಲವರಿಗಷ್ಟೇ ಕೊಟ್ಟದ್ದನ್ನು ಅಲ್ಲಿ ಒಂದು ವರ್ಷ, ಸಂಬಂಧಿಕರಿಗೆ ಕೊಟ್ಟದ್ದಾದರೆ ಎರಡು ವರ್ಷ ಹಿಂದಕ್ಕೆ ಹೋಗಿ ಪರಿಶೀಲಿಸುತ್ತಾರೆ.

ಹಾಗೆಂದು ಕಾನೂನು ನಿರ್ದಯವಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮನ್ನು ನಮ್ಮ ಗೃಹಸ್ಥರು ತಿಳಿದಿರುವುದು ಒಳ್ಳೆಯದು. ಸಾಲಗಾರನ ಮತ್ತು ಅವನ ಹೆಂಡತಿ ಮಕ್ಕಳ ಅವಶ್ಯಕ ಉಡುಪು, ಅಡಿಗೆಯ ಪಾತ್ರೆ, ಹಾಸಿಗೆ ಇವುಗಳನ್ನು ಜಪ್ತಿ ಮಾಡುವಂತಿಲ್ಲ. ಧಾರ್ಮಿಕ ಆಚಾರದಂತೆ ಸ್ತ್ರೀಯು ಮೈಯಿಂದ ತೆಗೆಯಬಾರದ ಆಭರಣವನ್ನೂ ಮುಟ್ಟುವಂತಿಲ್ಲ. ಕುಶಲಕರ್ಮಿಯ ಹತ್ಯಾರು, ಕೃಷಿಕನ ಉಪಕರಣ, ಅವನ ಜೀವನಕ್ಕೆ ಬೇಕಾಗುವ ಜಾನುವಾರು, ಬಿತ್ತನೆಯ ಧಾನ್ಯ ಇವುಗಳಿಗೂ ರಕ್ಷಣೆಯುಂಟು. ದಿವಾಳಿಯಾದವನಿಗೂ ಈ ರಕ್ಷಣೆ ಸಲ್ಲುತ್ತದೆ. ಆದ್ದರಿಂದ ಅನ್ನದ ಚರಿಗೆಯನ್ನೂ ಕರಿಮಣಿಯನ್ನೂ ಯಾರೋ ಒಯ್ಯುತ್ತಾರೆಂಬ ಭಯದಿಂದ ಮೊದಲೇ ಮಾರಿಬಿಡುವುದು ಅಜ್ಞಾನ.

ಈಗ ಆ ಮೂರು ಪ್ರಶ್ನೆಗಳಿಗೆ ಬರೋಣ. ಮನೆಯ ಬೈಕನ್ನು ಪೇಟೆಯ ಬೆಲೆಗೆ, ಹೊರಗಿನವನಿಗೆ, ರಶೀದಿ ಬರೆದು ಮಾರಿ, ಆ ಹಣದಿಂದ ಮಕ್ಕಳ ಶಾಲೆಯ ಶುಲ್ಕವನ್ನೂ ಅಕ್ಕಿಯನ್ನೂ ವಕೀಲರ ಫೀಸನ್ನೂ ಪೂರೈಸಿ, ಅಷ್ಟನ್ನೂ ಲೆಕ್ಕದಲ್ಲಿ ಬರೆದವನು ತಪ್ಪು ಮಾಡಿದನೆಂದು ಹೇಳಲು ನನ್ನಿಂದಾಗದು. ಕುಟುಂಬಪೋಷಣೆಯೂ ಧರ್ಮವೇ. ಆದರೆ ಭಾವನಿಗೆ ಅರ್ಧ ಬೆಲೆಗೆ ಕೊಟ್ಟು ಹಿಂದೆ ಪಡೆಯುವುದು ಮಾರಾಟವೇ ಅಲ್ಲ. ಅದು ಬಚ್ಚಿಡುವಿಕೆ. ಮಾರಾಟದಲ್ಲಿ ವಸ್ತುವಿನ ಮೇಲಿನ ಆಸೆಯನ್ನು ಬಿಡುತ್ತೇವೆ. ಇಲ್ಲಿ ಆಸೆಯನ್ನು ಉಳಿಸಿಕೊಂಡು ವಸ್ತುವನ್ನಷ್ಟೇ ಮನೆಯಿಂದ ಹೊರಗೆ ಕಳುಹಿಸುತ್ತೇವೆ.

ಬಳೆಯ ವಿಚಾರ ಬೇರೆ. ಪುರಂದರದಾಸರ ಪೂರ್ವಜೀವನದ ಮೂಗುತಿಯ ಕಥೆ ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ಬೇಡಿ ಬಂದ ಬ್ರಾಹ್ಮಣನಿಗೆ ಸರಸ್ವತೀಬಾಯಿ ಕೊಟ್ಟದ್ದು ಗಂಡನ ಪೆಟ್ಟಿಗೆಯ ಹಣವನ್ನಲ್ಲ, ತವರಿನಿಂದ ಬಂದ ತನ್ನ ಮೂಗುತಿಯನ್ನು. ತನ್ನದನ್ನು ತಾನು ಕೊಟ್ಟುದರಿಂದಲೇ ಅದು ದಾನವಾಯಿತು. ಸ್ತ್ರೀಧನವನ್ನು ಗಂಡನು ಬರಗಾಲದಲ್ಲಿ, ಧರ್ಮಕಾರ್ಯದಲ್ಲಿ, ರೋಗದಲ್ಲಿ, ಬಂಧನದಲ್ಲಿ ತೆಗೆದುಕೊಂಡರೆ ಮಾತ್ರ ಹಿಂದೆ ಕೊಡಬೇಕಾಗಿಲ್ಲ ಎಂಬುದು ಯಾಜ್ಞವಲ್ಕ್ಯನ ಮತ. ಅಡಿಕೆಯ ಧಾರಣೆ ಇಳಿದದ್ದು ಈ ನಾಲ್ಕರಲ್ಲಿ ಸೇರದು. ಸ್ತ್ರೀಧನವು ಹೆಂಡತಿಯ ಸ್ವಂತ ಸೊತ್ತು, ಅದು ಗಂಡನ ವಶದಲ್ಲಿದ್ದರೆ ಅವನು ನ್ಯಾಸಧಾರಿ ಮಾತ್ರ ಎಂದು ಸರ್ವೋಚ್ಚ ನ್ಯಾಯಾಲಯವೂ 1985ರಲ್ಲಿ ಹೇಳಿದೆ. ಮಾರುವುದಾದರೆ ಆಕೆ ಮಾರಬೇಕು. ಇಡುವುದಾದರೆ ಆಕೆ ಇಡಬೇಕು. ಹಾಗೆಯೇ ಗಂಡನು ತನ್ನ ವ್ಯಾಪಾರದ ಹಣದಿಂದ ನಿನ್ನೆ ಮೊನ್ನೆ ಕೊಂಡ ಚಿನ್ನಕ್ಕೆ ಇಂದು ಸ್ತ್ರೀಧನವೆಂದು ಹೆಸರಿಡುವುದೂ ಸಲ್ಲದು.

ಅದೇ ಕಥೆಯ ಉತ್ತರಾರ್ಧದಲ್ಲಿ ನಾಯಕರು ತಮ್ಮ ಸರ್ವಸ್ವವನ್ನೂ ಕೊಟ್ಟು ಹೊರಟರು. ಮನೆ ಬರಿದಾದದ್ದು ಅಲ್ಲಿಯೂ ಹೌದು. ಆದರೆ ಸಂಪ್ರದಾಯವು ಅವರನ್ನು ಸಾಲ ಕೊಡುವವರೆಂದು ಹೇಳುತ್ತದೆಯೇ ಹೊರತು ಸಾಲಗಾರರೆಂದಲ್ಲ. ಪರರಿಗೆ ಕೊಡಬೇಕಾದದ್ದನ್ನು ಇಟ್ಟುಕೊಂಡವನು ಮನೆಯನ್ನು ಬರಿದುಮಾಡಿದರೆ ಅದು ವೈರಾಗ್ಯವಾಗದು. ಒತ್ತೆಯಾಗಿ ಬಂದದ್ದು, ನಂಬಿ ಇಟ್ಟದ್ದು, ಬೇಡಿ ತಂದದ್ದು ಇವು ದಾನಕ್ಕೆ ಅನರ್ಹವೆಂದು ನಾರದಸ್ಮೃತಿಯು ಎಣಿಸಿದೆ. ಬೆಳೆಗಾರರು ನಂಬಿ ಬಿಟ್ಟುಹೋದ ಅಡಿಕೆಯ ಬೆಲೆಯೂ ಅದೇ ಜಾತಿಯದೆಂದು ನನಗೆ ತೋರುತ್ತದೆ.

ಇನ್ನು ಉಳಿದದ್ದು ನಮ್ಮ 60,000 ರೂಪಾಯಿ. ನನ್ನ ಸ್ಮೃತಿವಾಕ್ಯಕ್ಕೆ ತೀರ್ಥರೂಪರು ಬಂದವರ ಎದುರಿಗೇ ಉತ್ತರ ಕೊಟ್ಟರು. "ಆ ವಚನ ಧರ್ಮಪೀಠದಲ್ಲಿ ಕುಳಿತು ಎಲ್ಲರೆದುರು ಸಾಲ ಕೊಡಿಸುವ ರಾಜನಿಗೆ. ಕತ್ತಲಾದ ಮೇಲೆ ಬಂದವರಿಂದ ಉಳಿದವರಿಗೆ ತಿಳಿಯದಂತೆ ಕೈಯೊಡ್ಡು ಎಂದು ನನಗೆ ಹೇಳಿದ್ದಲ್ಲ. ಅಡಿಕೆ ಸುಲಿದ ಹೆಂಗಸರ ಕೂಲಿ ಬಾಕಿ ಇರುವಾಗ ನಾನು ಪೂರ್ತಿ ಹಣ ಪಡೆದರೆ, ಅದರಿಂದ ಹೊದಿಸಿದ ಮಾಡಿನ ಕೆಳಗೆ ದೇವರ ಪೂಜೆ ಮಾಡುವುದು ಹೇಗೆ?" ಎಂದರು. ಬಳಿಕ, "ನನ್ನ ಹೆಸರನ್ನು ಪಟ್ಟಿಯಲ್ಲಿ ಬರೆಯಿರಿ. ಅವರ ಹೆಸರನ್ನೂ ಬರೆಯಿರಿ" ಎಂದು ಸೇರಿಸಿದರು.

ಬಂದವರು ಆಗ ತಲೆತಗ್ಗಿಸಿದರು. ಬ್ಯಾಂಕಿನ ಬಳಿ ಪತ್ರವಿತ್ತು, ಸೊಸೈಟಿಯ ಬಳಿ ಜಾಮೀನಿತ್ತು, ಬೆಳೆಗಾರರ ಬಳಿ ಚೀಟಿಯಿತ್ತು. ಆ ಹೆಂಗಸರ ಲೆಕ್ಕವಾದರೋ ಅವರ ಕಿಸೆಯ ಪುಸ್ತಕವೊಂದರಲ್ಲಿ ಮಾತ್ರ ಇತ್ತು. ಅದನ್ನು ಹರಿದರೆ ಕೇಳುವವರಿಲ್ಲ. 1920ರ ಆ ಕಾಯ್ದೆ ಕೂಲಿಯನ್ನು ಮೊದಲು ಕೊಡಬೇಕಾದ ಸಾಲಗಳ ಸಾಲಿನಲ್ಲಿ ಇಟ್ಟಿತಾದರೂ ಅಂದು ಒಬ್ಬರಿಗೆ ಹಾಕಿದ ಮಿತಿ 20 ರೂಪಾಯಿ. ಕಾನೂನಿನ ಕೈ ಮುಟ್ಟದ ಇಂತಹ ಸ್ಥಳದಲ್ಲಿಯೇ ಧರ್ಮದ ಕೆಲಸ ಇರುವುದು. ಪಟ್ಟಿಯಿಂದ ವಸ್ತುವನ್ನು ಬಿಡುವುದು ಎಷ್ಟು ತಪ್ಪೋ, ಪತ್ರವಿಲ್ಲದ ಬಡವನ ಹೆಸರನ್ನು ಬಿಡುವುದು ಅದಕ್ಕಿಂತ ದೊಡ್ಡ ತಪ್ಪು.

ಕೋಟಿಗಟ್ಟಲೆ ಮುಳುಗಿಸಿದವರು ಸುಖವಾಗಿರುವಾಗ ನಮಗೇಕೆ ಈ ನಿಷ್ಠುರ ನಿಯಮ ಎಂದು ಕೆಲವರು ಕೇಳಬಹುದು. ಈ ಪ್ರಶ್ನೆಯಲ್ಲಿ ನೋವಿದೆ, ಅದನ್ನು ತಳ್ಳಿಹಾಕಲಾರೆ. ಆದರೆ ಆ ದೊಡ್ಡವರ ಸುಖದಿಂದ ನಮ್ಮ ಊರಿನ ಹೆಂಗಸಿನ ಕೂಲಿ ಸಂದಾಯವಾಗುವುದಿಲ್ಲ. ಇನ್ನೊಂದು ಮಾತು. ದಿವಾಳಿಯಾಗುವುದು ಪಾಪವಲ್ಲ. ಮಳೆ, ರೋಗ, ಧಾರಣೆ ಯಾವುವೂ ನಮ್ಮ ಅಧೀನವಲ್ಲ. ಜನರು ವಸ್ತುಗಳನ್ನು ಅಡಗಿಸುವುದು ಬಹುತೇಕ ಲೋಭದಿಂದಲ್ಲ, ನಾಚಿಕೆಯಿಂದ. ಸೋತವನನ್ನು ಬ್ರಹ್ಮಕಲಶದ ಚಪ್ಪರದಲ್ಲಿ ಕಂಡಾಗ ನಾವು ಮುಖ ತಿರುಗಿಸಿದರೆ ಅವನ ವಂಚನೆಯಲ್ಲಿ ನಮಗೂ ಒಂದು ಪಾಲು ಬರುತ್ತದೆ.

ಶ್ರೀಹರಿಯೊಬ್ಬನೇ ಸ್ವತಂತ್ರ, ಉಳಿದುದೆಲ್ಲ ಅವನ ಅಧೀನ ಎಂಬುದು ಶ್ರೀಮದಾಚಾರ್ಯರ ಸಿದ್ಧಾಂತದ ಮೂಲ. ಹೀಗಿರುವಾಗ "ನನ್ನದು" ಎಂಬ ಮಾತಿಗೆ ಎಂದೂ ಪೂರ್ಣಾರ್ಥವಿಲ್ಲ. ಋಣಿಯ ಬಾಯಲ್ಲಂತೂ ಅರ್ಧಾರ್ಥವೂ ಇಲ್ಲ. ಅವನ ಮನೆಯ ಬೆಳ್ಳಿ ಹರಿವಾಣವು ಅವನ ಕೈಯಲ್ಲಿ ಇರಬಹುದು, ಅವನ ಅಜ್ಜನ ಹೆಸರು ಅದರ ಮೇಲೆ ಇರಬಹುದು. ಆದರೆ ಅವನನ್ನು ನಂಬಿದವರ ಬೆವರು ಅದರಲ್ಲಿ ಸೇರಿಹೋಗಿದೆ. ಅದನ್ನು ಮಾರಬಹುದೇ ಎಂದು ತಿಳಿಯಲು ಒಂದು ಸುಲಭದ ಪರೀಕ್ಷೆ ಸಾಕು: ಈ ಮಾರಾಟವನ್ನು ಎಲ್ಲ ಸಾಲಿಗರ ಎದುರು ಓದಿಹೇಳಲು ಸಾಧ್ಯವೇ? ಸಾಧ್ಯವಾದರೆ ಮಾರಿರಿ. ನಾಲಿಗೆ ತಡೆದರೆ ಬಿಡಿರಿ.

ಆ ಗೃಹಸ್ಥರು ಬೈಕನ್ನು ಮಾರಿ ರಶೀದಿ ಇಟ್ಟರು. ಬೆಳ್ಳಿಯನ್ನು ಸೊತ್ತಿನ ಪಟ್ಟಿಗೆ ಬರೆದರು. ಬಳೆಯ ವಿಚಾರವನ್ನು ಹೆಂಡತಿಗೇ ಬಿಟ್ಟರು. ಆಕೆ ಎರಡನ್ನು ಉಳಿಸಿಕೊಂಡು ಎರಡನ್ನು ಮಾರಿ, ಸುಲಿಯುವ ಹೆಂಗಸರ ಕೂಲಿಯನ್ನು ತಾನೇ ಕೈಯಾರೆ ಕೊಟ್ಟಳು. ತನ್ನದನ್ನು ತಾನು ಕೊಡುವುದಕ್ಕೆ ಯಾವ ಕಾಯ್ದೆಯ ಅಡ್ಡಿಯೂ ಇಲ್ಲ. ಅರ್ಜಿಯ ವಿಚಾರಣೆ ಇನ್ನೂ ನಡೆಯುತ್ತಿದೆ. ಪಟ್ಟಿಯಲ್ಲಿ ನಮ್ಮ ತೀರ್ಥರೂಪರ ಹೆಸರು ಬೆಳೆಗಾರರ ಹೆಸರುಗಳ ನಡುವೆ ಎಲ್ಲಿಯೋ ಇದೆ. ಎಷ್ಟು ಬಂದೀತೆಂದು ಯಾರೂ ಹೇಳಲಾರರು. ಮಾಡಿಗೆ ಈ ಮಳೆಗಾಲವೂ ಟರ್ಪಾಲು ಹೊದಿಸಿದ್ದೇವೆ. ಪಾತ್ರೆಯ ಸದ್ದು ಕೇಳುವಾಗ ನನಗೆ ನನ್ನ ಸ್ಮೃತಿವಾಕ್ಯ ನೆನಪಾಗಿ ನಾಚಿಕೆಯಾಗುತ್ತದೆ. ತೀರ್ಥರೂಪರು ಮಾತ್ರ ಪೂಜೆ ಮುಗಿಸಿ, ಎಂದಿನಂತೆ ಉದ್ಧರಣೆಯ ನೀರು ಬಿಡುತ್ತಾರೆ. ಮನುಷ್ಯರ ಎದುರು ತೋರಿಸಲಾಗದ್ದನ್ನು ದೇವರಿಗೆ ಅರ್ಪಿಸಲಾಗದೆಂದು ಅವರು ಬಾಯಿಬಿಟ್ಟು ಹೇಳಿದವರಲ್ಲ, ನೋಡಿ ತಿಳಿದುಕೊಂಡದ್ದು.

ಶ್ರೀಕೃಷ್ಣಾರ್ಪಣಮಸ್ತು.