ನೆರಳಿನ ನೀಲಿ

ಮೊನ್ನೆ ಬೆಳಿಗ್ಗೆ ತಾರಸಿಗೆ ಹೋದವನು ತಂತಿಯ ಮೇಲೆ ಒಣಹಾಕಿದ್ದ ಪಂಚೆ ನೋಡಿ, "ನೀಲಿ ಜಾಸ್ತಿ ಹಾಕಿಬಿಟ್ಟಿದ್ದೀಯಲ್ಲೇ" ಎಂದು ಕೆಳಗೆ ಕೂಗಿದೆ. "ಈ ಸಲ ನೀಲೀನೇ ಹಾಕಿಲ್ಲ, ಮೊದಲು ಕನ್ನಡಕ ಒರೆಸ್ಕೊಳ್ಳಿ" ಎಂದು ಉತ್ತರ ಬಂತು. ಒರೆಸಿಕೊಂಡೆ. ನೀಲಿ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ನೀರಿನ ಟ್ಯಾಂಕಿನ ನೆರಳು ಆಚೆ ಸರಿಯಿತು, ಪಂಚೆ ಬೆಳ್ಳಗಾಯಿತು. ನೇರ ಬಿಸಿಲು ತಾಗದ ಕಡೆ ಬಟ್ಟೆಗೆ ದಕ್ಕುವುದು ಆಕಾಶದ ಬೆಳಕು; ಅದರ ಬಣ್ಣವೇ ನೆರಳಿಗೂ ಹತ್ತುತ್ತದೆ. ನೆರಳು ಕಪ್ಪಲ್ಲ ಎಂದು ತಿಳಿಯಲು ನನಗೆ ಅರವತ್ತು ದಾಟಬೇಕಾಯಿತು.

ಫ್ರೆಂಚ್ ಚಿತ್ರಕಾರ ಕ್ಲೋದ್ ಮೋನೆಗೆ ಇದು ಇಪ್ಪತ್ತೈದರಲ್ಲೇ ಕಂಡಿತ್ತು. 1866ರ ಬೇಸಿಗೆಯಲ್ಲಿ ಪ್ಯಾರಿಸ್ ಬಳಿಯ ವಿಲ್ ದಾವ್ರೆಯ ಬಾಡಿಗೆ ಮನೆಯ ತೋಟದಲ್ಲಿ ಅವನು 'ತೋಟದಲ್ಲಿ ಹೆಂಗಸರು' ಎಂಬ ತೈಲಚಿತ್ರ ಶುರುಮಾಡಿದ. ಎತ್ತರ ಎರಡೂವರೆ ಮೀಟರಿಗೂ ಮಿಗಿಲು. ಒಳಗೆ ಕೂತು ನೆನಪಿನಿಂದ ಬರೆಯಲು ಮನಸ್ಸಿಲ್ಲ. ತೋಟದಲ್ಲಿ ನೆಲ ಅಗೆಸಿದ, ರಾಟೆ ಕಟ್ಟಿಸಿದ, ಮೇಲ್ಭಾಗಕ್ಕೆ ಬಣ್ಣ ಹಚ್ಚುವಾಗ ಕ್ಯಾನ್ವಾಸನ್ನೇ ಹಳ್ಳಕ್ಕೆ ಇಳಿಸಿದ. ತಾನು ಏಣಿ ಹತ್ತಿದರೆ ನೋಟದ ಕೋನ ಬದಲಾಗುತ್ತಲ್ಲ! ಬಿಸಿಲು ಮರೆಯಾದರೆ ಕುಂಚ ಕೆಳಗಿಡುತ್ತಿದ್ದನಂತೆ. ನೋಡಲು ಬಂದ ಹಿರಿಯ ಚಿತ್ರಕಾರ ಕೂರ್ಬೆ, "ಅಷ್ಟರಲ್ಲಿ ಹಿಂದಿನ ಗಿಡಮರವನ್ನಾದರೂ ಬರೆಯಬಾರದೇ" ಎಂದು ನಕ್ಕನೆಂಬ ಕಥೆಯೂ ಇದೆ. ಚಿತ್ರದಲ್ಲಿ ನೆಲದ ಮೇಲೆ ಕೂತ ಹೆಂಗಸಿನ ಬಿಳಿ ಉಡುಪು ಸುತ್ತಲೂ ಹರಡಿಕೊಂಡಿದೆ. ಅದರ ಮೇಲೆ ಬಿದ್ದ ನೆರಳು ನಮ್ಮ ಪಂಚೆಯ ನೀಲಿಯೇ.

1867ರಲ್ಲಿ ಪ್ಯಾರಿಸ್ಸಿನ ಅಧಿಕೃತ ಪ್ರದರ್ಶನವಾದ ಸಲೋನ್‌ನ ತೀರ್ಪುಗಾರರು ಅದನ್ನು ತಿರಸ್ಕರಿಸಿದರು. ಕೈಯಲ್ಲಿ ಕಾಸಿಲ್ಲ. ಆಗ ಗೆಳೆಯ ಫ್ರೆಡರಿಕ್ ಬಾಜೀಲ್, ತಾನೂ ಚಿತ್ರಕಾರನೇ, ತಂದೆ ಕಳಿಸುವ ಹಣದಲ್ಲಿ ಬದುಕುತ್ತಿದ್ದವನು, ಆ ಚಿತ್ರವನ್ನು 2,500 ಫ್ರಾಂಕಿಗೆ ಕೊಂಡ. ತಿಂಗಳಿಗೆ 50 ಫ್ರಾಂಕಿನ ಕಂತು. ಲೆಕ್ಕ ಹಾಕಿ, ಐವತ್ತು ತಿಂಗಳು. ಚೀಟಿ ಕಟ್ಟಿದವರಿಗೆ, ಮನೆಸಾಲ ತೀರಿಸಿದವರಿಗೆ ಇದರ ಭಾರ ಗೊತ್ತು. ಹಣ ತಡವಾದರೆ ಮೋನೆ ಸುಮ್ಮನಿರುತ್ತಿರಲಿಲ್ಲ, ಕಟುವಾಗಿಯೇ ಪತ್ರ ಬರೆಯುತ್ತಿದ್ದ. ಉಪಕಾರ ಪಡೆದವರೆಲ್ಲ ವಿನಯವಂತರಾಗಿರುತ್ತಾರೆ ಎಂದು ಎಲ್ಲಿದೆ? ಐವತ್ತು ತಿಂಗಳು ತುಂಬುವ ಮೊದಲೇ, 1870ರ ನವೆಂಬರಿನಲ್ಲಿ, ಪ್ರಶ್ಯದ ಮೇಲಿನ ಯುದ್ಧದಲ್ಲಿ ಬಾಜೀಲ್ ಸತ್ತ. ಇನ್ನೂ ಇಪ್ಪತ್ತೊಂಬತ್ತು ತುಂಬಿರಲಿಲ್ಲ. ಚಿತ್ರವನ್ನು 1921ರಲ್ಲಿ ಫ್ರೆಂಚ್ ಸರ್ಕಾರ ಎರಡು ಲಕ್ಷ ಫ್ರಾಂಕಿಗೆ ಕೊಂಡಿತು. ನನ್ನ ತಲೆಯಲ್ಲಿ ಉಳಿದದ್ದು ಮಾತ್ರ ಆ ಐವತ್ತು.

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಭಾನುವಾರ ಒಬ್ಬ ಹುಡುಗ ಹೊಂಗೆಮರದಡಿ ಕೂತು ಬಣ್ಣ ಹಚ್ಚುತ್ತಾನೆ. "ಭೇಷ್, ಬಹಳ ಚೆನ್ನಾಗಿದೆ" ಎಂದು ಬೆನ್ನು ತಟ್ಟಿ ಮುಂದೆ ಹೋಗುವುದು ನನ್ನ ವಾಡಿಕೆ. ಅದಕ್ಕೆ ಖರ್ಚೂ ಇಲ್ಲವಲ್ಲ. ಕಳೆದ ವಾರ ನಿಂತು ಬೆಲೆ ಕೇಳಿದೆ. ಅವನು ಗಾಬರಿಯಾಗಿ, "ಯಾರೂ ಕೇಳಿಲ್ಲ ಸಾರ್" ಎಂದ. ಕೊನೆಗೆ ಒಂದು ಮೊತ್ತ ಹೇಳಿದ. ಪಿಂಚಣಿಯವನಿಗೆ ಒಂದೇ ಸಲಕ್ಕೆ ಕಷ್ಟ, ಆರು ಕಂತು ಮಾಡಿಕೊಂಡೆವು. ಮೊದಲನೆಯದನ್ನು ಅಲ್ಲೇ ಎಣಿಸಿಕೊಟ್ಟೆ. ಬೆಂಚಿನ ಮೇಲೆ ಪೇಪರ್ ಓದುತ್ತಾ ಕೂತ ಮುದುಕರ ಚಿತ್ರ ಅದು. ಎಲೆಗಳ ಸಂದಿನಿಂದ ಬಿಸಿಲು ಅವರ ಮೇಲೆ ಚೂರುಚೂರಾಗಿ ಬಿದ್ದಿದೆ. ಮನೆಗೆ ತಂದು ಗೋಡೆಗೆ ಒರಗಿಸಿದಾಗ ಮನೆಯಾಕೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ನೋಡಿ ಹೇಳಿದಳು: "ಪಾಪ, ಇವರ ಮನೇಲೂ ಪಂಚೆಗೆ ನೀಲಿ ಜಾಸ್ತಿಯಾಗಿದೆ."